ಅಂಗಡಿಯ ಲೆಕ್ಕವೇ ಅಂಗಡಿಕಾರನ ರಕ್ಷೆ

2025ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಂದು ವಿಚಿತ್ರವಾದ ನೋಟವು ಕಣ್ಣಿಗೆ ಬಿದ್ದಿತು. ಚಹದಂಗಡಿ, ಬೇಕರಿ, ಬೀಡಾ ಅಂಗಡಿ, ತರಕಾರಿಯ ಗಾಡಿಗಳ ಮೇಲೆಲ್ಲ ವರ್ಷಗಟ್ಟಲೆ ಅಂಟಿಕೊಂಡಿದ್ದ ಕ್ಯೂ.ಆರ್. ಚೀಟಿಗಳು ಒಂದೊಂದಾಗಿ ಕಿತ್ತುಹೋಗಿ, ಅವುಗಳ ಸ್ಥಳದಲ್ಲಿ “ಯು.ಪಿ.ಐ. ಇಲ್ಲ, ನಗದು ಮಾತ್ರ” ಎಂಬ ಹಲಗೆಗಳು ತೂಗಾಡತೊಡಗಿದವು. ಕಾರಣವು ವಾಚಕರಿಗೆ ತಿಳಿದುದೇ ಆಗಿದೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಮೂಲಕ ಸಂದಾಯವಾದ ಹಣದ ವಿವರಗಳನ್ನು ತರಿಸಿಕೊಂಡು, 2021-22ರಿಂದ 2024-25ರ ವರೆಗಿನ ನಾಲ್ಕು ವರ್ಷಗಳ ವಹಿವಾಟಿನ ಬಗ್ಗೆ ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಗಳು ನಿಮ್ಮ ಖಾತೆಗೆ ಬಂದಿವೆ, ಅದರ ಮೇಲೆ 29 ಲಕ್ಷ ರೂಪಾಯಿ ತೆರಿಗೆಯನ್ನು ಕೊಡತಕ್ಕದ್ದೆಂದು ನೋಟೀಸು ಬಂದಿತು. ಲೆಕ್ಕ ಹಾಕಿ ನೋಡಿದರೆ ಇದು ನೂರಕ್ಕೆ 18ರ ಸಮೀಪದ ದರವಾಗುತ್ತದೆ. ತಾಜಾ ತರಕಾರಿಗೋ ಜಿ.ಎಸ್.ಟಿ. ಎಂಬುದು ಇಲ್ಲವೇ ಇಲ್ಲ!

ವ್ಯಾಪಾರಸ್ಥರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಲು ಸಿದ್ಧರಾದರು. ಜುಲೈ 23ರಂದು ಮುಖ್ಯಮಂತ್ರಿಗಳು ಅವರ ಪ್ರತಿನಿಧಿಗಳನ್ನು ಕರೆದು ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ತೆರಿಗೆಗೆ ಒಳಪಡುವವರು ಮುಂದಕ್ಕೆ ನೋಂದಣಿಯನ್ನು ಮಾಡಿಸಿಕೊಳ್ಳಲೇಬೇಕೆಂದು ತಿಳಿಸಿದರು. ಬಿರುಗಾಳಿಯು ಅಲ್ಲಿಗೆ ತಣ್ಣಗಾಯಿತು. ಆದರೆ ಬಿರುಗಾಳಿಯು ತೋರಿಸಿಕೊಟ್ಟ ಮನೆಯ ಬಿರುಕುಗಳನ್ನು ನಾವು ಮುಚ್ಚಿಕೊಂಡೆವೇ ಎಂಬುದೇ ನಮ್ಮ ಇಂದಿನ ಪ್ರಶ್ನೆ.

ನೋಟೀಸು ಬಂದವರಲ್ಲಿ ಮೋಸಗಾರರು ಯಾರೂ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬಹು ಜನರ ಕಷ್ಟವು ಮೋಸದಿಂದ ಬಂದುದಲ್ಲ. ಬಾಯಿಯಲ್ಲಿ ಉತ್ತರವಿದ್ದರೂ ಕೈಯಲ್ಲಿ ಪುಸ್ತಕವಿಲ್ಲದ್ದರಿಂದ ಬಂದುದು. ಇಲಾಖೆಯವರು ಕಂಡದ್ದು ಖಾತೆಗೆ ಬಂದ ಮೊತ್ತವನ್ನು ಮಾತ್ರ. ಅದರಲ್ಲಿ ಹಾಲಿನದೆಷ್ಟು, ಬಿಸ್ಕೀಟಿನದೆಷ್ಟು, ಊರಿನಿಂದ ತಮ್ಮನು ಕಳಿಸಿದ ಹಣವೆಷ್ಟು, ನೆರೆಯವನು ಹಿಂದಿರುಗಿಸಿದ ಕೈಗಡವೆಷ್ಟು ಎಂಬುದನ್ನು ಬ್ಯಾಂಕಿನ ಯಂತ್ರವು ಹೇಳಲಾರದು. ಅದನ್ನು ಹೇಳಬೇಕಾದವನು ಅಂಗಡಿಕಾರನು. ಅವನು ಬರೆದಿಟ್ಟಿರಲಿಲ್ಲ. ಮೌನವಾಗಿರುವವನ ಪರವಾಗಿ ಯಾವ ಕಾಯದೆಯೂ ಮಾತನಾಡುವುದಿಲ್ಲ.

ಕೆಲವು ಮಿತ್ರರು ನಮಗೆ 1932ನ್ನು ಜ್ಞಾಪಿಸಿಕೊಡುತ್ತಾರೆ. ಸಿದ್ಧಾಪುರ, ಅಂಕೋಲೆಗಳ ರೈತರು ಕರ ಕೊಡೆವೆಂದು ಎದ್ದು ನಿಂತು, ಹೊಲಮನೆಗಳನ್ನು ಕಳೆದುಕೊಂಡರೂ ತಲೆ ಬಾಗಿಸಲಿಲ್ಲವಲ್ಲ, ಆ ನಾಡಿನವರಾದ ನೀವು ವ್ಯಾಪಾರಿಗೆ ತೆರಿಗೆ ಕೊಡಲು ಹೇಳುವಿರಾ ಎಂದು ಅವರು ಕೇಳುತ್ತಾರೆ. ಆ ವೀರರ ಹೆಸರಿಗೆ ನಾವು ಕೈ ಮುಗಿಯುತ್ತೇವೆ. ಆದರೆ ಅವರು ನಿರಾಕರಿಸಿದ್ದು ಪರಕೀಯರು ನಮ್ಮನ್ನು ಕೇಳದೆ ಹೇರಿದ ಕರವನ್ನು. ಅದನ್ನು ಹಾಡುಹಗಲಿನಲ್ಲಿ, ಎದೆಗೊಟ್ಟು ನಿರಾಕರಿಸಿದರು. ಗಲ್ಲೆಯ ಹಿಂದೆ ನಗದನ್ನು ಬಚ್ಚಿಡುವುದಕ್ಕೂ ಆ ಸತ್ಯಾಗ್ರಹಕ್ಕೂ ಯಾವ ಸಂಬಂಧವೂ ಇಲ್ಲ. ಇಂದಿನ ತೆರಿಗೆಯನ್ನು ಹಾಕಿದವರು ನಾವೇ ಆರಿಸಿ ಕಳಿಸಿದವರು. ಅದು ಅನ್ಯಾಯವಾಗಿದ್ದರೆ ಅವರ ಮುಂದೆ ವಾದಿಸಬಹುದು. ಆದರೆ ವಾದಿಸುವವನ ಲೆಕ್ಕವು ಶುದ್ಧವಾಗಿರಬೇಕು.

ಮೊದಲು “ನಗದು ಮಾತ್ರ” ಎಂಬ ಹಲಗೆಯ ವಿಷಯ. ಜಿ.ಎಸ್.ಟಿ. ಕಾಯದೆಯು ಎಣಿಸುವುದು ವಹಿವಾಟನ್ನು. ಹಣವು ಯಾವ ಮಾರ್ಗದಿಂದ ಬಂದಿತೆಂಬುದನ್ನಲ್ಲ. ನಗದಾಗಿ ಬಂದ ಹತ್ತು ರೂಪಾಯಿಯೂ ಹತ್ತು ರೂಪಾಯಿಯೇ. ಇಷ್ಟೇ ಅಲ್ಲ, ನಗದಿಗೆ ಹಿಂದಿರುಗುವುದು ನಷ್ಟಕರವೂ ಆಗಿದೆ. ಆದಾಯ ತೆರಿಗೆಯಲ್ಲಿ ಚಿಕ್ಕ ವ್ಯಾಪಾರಿಗಳಿಗಾಗಿ ಅಂದಾಜು ಲಾಭದ ಪದ್ಧತಿಯೊಂದಿದೆ. ವಾರ್ಷಿಕ ವಹಿವಾಟು 2 ಕೋಟಿ ರೂಪಾಯಿಗಳ ವರೆಗೆ ಇರುವವರು, ನಗದಿನ ಪಾಲು ನೂರಕ್ಕೆ 5ನ್ನು ಮೀರದಿದ್ದರೆ 3 ಕೋಟಿಗಳ ವರೆಗೆ ಇರುವವರು, ಇದನ್ನು ಅನುಸರಿಸಬಹುದು. ಅದರಂತೆ ನಗದು ಮಾರಾಟದ ಮೇಲೆ ನೂರಕ್ಕೆ ಕನಿಷ್ಠ 8ನ್ನೂ, ಬ್ಯಾಂಕು ಅಥವಾ ಯು.ಪಿ.ಐ. ಮೂಲಕ ಬಂದುದರ ಮೇಲೆ ಕನಿಷ್ಠ 6ನ್ನೂ ಲಾಭವೆಂದು ತೋರಿಸಬೇಕು. 30 ಲಕ್ಷ ರೂಪಾಯಿ ವ್ಯಾಪಾರವು ಪೂರ್ತಿ ನಗದಾದರೆ ಲಾಭವು 2,40,000; ಪೂರ್ತಿ ಯು.ಪಿ.ಐ. ಆದರೆ 1,80,000. ಕಾಯದೆಯೇ ಹೀಗೆ ರಿಯಾಯತಿಯನ್ನು ಕೊಡುತ್ತಿರುವಾಗ, ಹೆದರಿ ಚೀಟಿಯನ್ನು ಕಿತ್ತವನು ತನ್ನ ಲಾಭವನ್ನೇ ಕಿತ್ತೊಗೆದಂತಾಯಿತು. ಗಿರಾಕಿಯು ಎದುರಿನ ಅಂಗಡಿಗೆ ನಡೆದುಹೋದ ನಷ್ಟವು ಬೇರೆ.

ಇನ್ನು ನೋಂದಣಿಯ ಮಿತಿ. ಬರಿಯ ಸರಕನ್ನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ; ಸೇವೆಯನ್ನು ಸಲ್ಲಿಸುವವರಿಗೆ 20 ಲಕ್ಷ. ಊಟ ತಿಂಡಿಗಳನ್ನು ಬಡಿಸುವ ಹೋಟೆಲು ಸೇವೆಯ ಸಾಲಿಗೆ ಸೇರುತ್ತದೆಂಬುದನ್ನು ಅನೇಕರು ಅರಿಯರು. ದಿನದ ಲೆಕ್ಕದಲ್ಲಿ ಹೇಳುವುದಾದರೆ, ವರ್ಷವಿಡೀ ತೆರೆದಿರುವ ಅಂಗಡಿಯು ದಿನಕ್ಕೆ ಸುಮಾರು 11,000 ರೂಪಾಯಿ ಮಾರಿದರೆ 40 ಲಕ್ಷವನ್ನು ಮುಟ್ಟುತ್ತದೆ. ಹೋಟೆಲು ದಿನಕ್ಕೆ ಸುಮಾರು 5,500 ರೂಪಾಯಿಗಳಲ್ಲಿ 20 ಲಕ್ಷವನ್ನು ಮುಟ್ಟುತ್ತದೆ. ಇದು ಮಾರಾಟದ ಮೊತ್ತ, ಲಾಭವಲ್ಲ. “ನನಗೆ ಉಳಿಯುವುದು ದಿನಕ್ಕೆ ಸಾವಿರವೂ ಇಲ್ಲ” ಎಂಬ ಉತ್ತರವು ನಿಜವಾಗಿರಬಹುದು, ಆದರೆ ಅದು ಇಲ್ಲಿ ಪ್ರಯೋಜನಕ್ಕೆ ಬಾರದು.

ಮತ್ತೊಂದು ಸೂಕ್ಷ್ಮವಿದೆ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನಿಗೆ, ಅಂದರೆ ಬರಿಯ ತಾಜಾ ತರಕಾರಿ, ಹಣ್ಣು, ಹಾಲುಗಳನ್ನು ಮಾರುವವನಿಗೆ, ವಹಿವಾಟು ಎಷ್ಟೇ ಇದ್ದರೂ ನೋಂದಣಿಯು ಬೇಕಿಲ್ಲ. ಆದರೆ ಹಾಲಿನ ಪಕ್ಕದಲ್ಲಿ ಬಿಸ್ಕೀಟನ್ನೂ ಇಟ್ಟವನಿಗೆ ಮಿತಿಯನ್ನು ಎಣಿಸುವಾಗ ಎರಡೂ ಸೇರುತ್ತವೆ. ತೆರಿಗೆಯನ್ನು ಹಾಕುವಾಗ ಮಾತ್ರ ಹಾಲು ಬಿಟ್ಟುಹೋಗುತ್ತದೆ. ಆದುದರಿಂದ ಇಂಥವನ ಪುಸ್ತಕದಲ್ಲಿ ಎರಡು ಅಂಕಣಗಳು ಇರಲೇಬೇಕು. ನಮ್ಮ ಉದ್ಯೋಗದಲ್ಲಿಯೂ ಇದೇ ಸ್ಥಿತಿ. ಪತ್ರಿಕೆಯ ಮಾರಾಟಕ್ಕೆ ತೆರಿಗೆಯಿಲ್ಲ, ಜಾಹೀರಾತಿಗೆ ಇದೆ. ಮೊದಲ ವರ್ಷ ನಾವು ಎರಡನ್ನೂ ಒಂದೇ ಅಂಕಣದಲ್ಲಿ ಬರೆದು, ವರ್ಷದ ಕೊನೆಗೆ ರಸೀದಿಗಳ ಕಟ್ಟನ್ನು ಬಿಚ್ಚಿಕೊಂಡು ಮೂರು ರಾತ್ರಿ ಕುಳಿತೆವು. ಅನ್ಯರಿಗೆ ಹೇಳುವ ಬುದ್ಧಿಯನ್ನು ನಾವು ಬೆಲೆ ಕೊಟ್ಟೇ ಕಲಿತಿದ್ದೇವೆ.

ಮಿತಿಯನ್ನು ದಾಟಿದವರು 30 ದಿನಗಳೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಇದಕ್ಕೆ ಸರಕಾರದ ಶುಲ್ಕವೇನೂ ಇಲ್ಲ. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ರಾಜಿ ತೆರಿಗೆ ಎಂಬ ಸುಲಭ ಮಾರ್ಗವಿದೆ. ವರ್ತಕರಿಗೂ ಸರಕು ತಯಾರಿಸುವವರಿಗೂ ನೂರಕ್ಕೆ 1. ಮದ್ಯ ಮಾರದ ಹೋಟೆಲುಗಳಿಗೆ ನೂರಕ್ಕೆ 5. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ನೆಯ ತಾರೀಖಿನೊಳಗೆ ಹಣ ಕಟ್ಟಿ, ವರ್ಷಕ್ಕೊಮ್ಮೆ ವಿವರಣ ಪತ್ರವನ್ನು ಸಲ್ಲಿಸಿದರೆ ಸಾಕು. ಆದರೆ ಈ ಮಾರ್ಗವನ್ನು ಹಿಡಿದವನು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡಕೂಡದು; ತಾನು ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ಕಳೆದುಕೊಳ್ಳಲೂ ಬಾರದು; ಹೊರ ರಾಜ್ಯಕ್ಕೆ ಸರಕನ್ನು ಮಾರಲೂ ಬಾರದು. ನೂರಕ್ಕೆ 1ನ್ನು ಕಟ್ಟುತ್ತ ಗಿರಾಕಿಯ ಬಿಲ್ಲಿನಲ್ಲಿ ಜಿ.ಎಸ್.ಟಿ.ಯನ್ನು ಸೇರಿಸುವ ಕೆಲವರನ್ನು ನಾವು ಬಲ್ಲೆವು. ಇದು ಜಾಣತನವಲ್ಲ, ಕಳ್ಳತನ.

ಪುಸ್ತಕದ ಬೆಲೆಯೇನೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇವೆ. ರಾಜಿ ಪದ್ಧತಿಯ ಕಿರಾಣಿ ವರ್ತಕನೊಬ್ಬನು ವರ್ಷಕ್ಕೆ 50 ಲಕ್ಷ ರೂಪಾಯಿ ಮಾರುತ್ತಾನೆನ್ನೋಣ. ಅದರಲ್ಲಿ 15 ಲಕ್ಷವು ಬಿಡಿ ಅಕ್ಕಿ, ಹಾಲು, ತರಕಾರಿಗಳದು. ವರ್ತಕನಿಗೆ ತೆರಿಗೆಯು ಬೀಳುವುದು ಉಳಿದ 35 ಲಕ್ಷದ ಮೇಲೆ ಮಾತ್ರ; ಅಂದರೆ 35,000 ರೂಪಾಯಿ. ಪುಸ್ತಕವಿಲ್ಲದವನು ಈ ವಿಂಗಡಣೆಯನ್ನು ತೋರಿಸಲಾರದೆ 50,000 ಕೊಡಬೇಕಾದೀತು. ನೋಂದಣಿಯೇ ಇಲ್ಲದೆ ಸಿಕ್ಕಿಬಿದ್ದವನಿಗಂತೂ ಪೂರ್ಣ ದರ, ವರ್ಷಕ್ಕೆ ನೂರಕ್ಕೆ 18ರ ಬಡ್ಡಿ, ಮೇಲೆ ದಂಡ. ನೂರಿನ್ನೂರು ರೂಪಾಯಿಯ ಒಂದು ಪುಸ್ತಕ, ದಿನಕ್ಕೆ ಕಾಲು ಗಂಟೆಯ ಬರವಣಿಗೆ, ಇವು ವರ್ಷಕ್ಕೆ 15,000 ರೂಪಾಯಿಗಳನ್ನು ಗಳಿಸಿಕೊಡುವುದಾದರೆ ಇದಕ್ಕಿಂತ ಲಾಭದ ವ್ಯಾಪಾರವು ಇನ್ನಾವುದು?

ಇನ್ನು ಪುಸ್ತಕವನ್ನು ಇಡುವ ಬಗೆ. ಮೊದಲನೆಯದಾಗಿ, ಅಂಗಡಿಗೂ ಮನೆಗೂ ಬೇರೆ ಬೇರೆ ಬ್ಯಾಂಕು ಖಾತೆಗಳಿರಲಿ; ಅಂಗಡಿಯ ಕ್ಯೂ.ಆರ್. ಚೀಟಿಗೆ ಅಂಗಡಿಯ ಖಾತೆಯೊಂದೇ ಜೋಡಿರಲಿ. ಮಗಳ ಮದುವೆಗೆ ಬಂದ ಹಣ, ಚೀಟಿಯ ಹಣ, ಕೈಗಡ, ಇವಾವುವೂ ಅದರೊಳಗೆ ಬರಕೂಡದು. ಎರಡನೆಯದಾಗಿ, ದಿನದ ಕೀರ್ದಿಯನ್ನು ಅಂಗಡಿ ಮುಚ್ಚುವ ಮುನ್ನವೇ ಬರೆಯಿರಿ. ನಿನ್ನೆಯ ಶಿಲ್ಕು, ಇಂದಿನ ನಗದು ಮಾರಾಟ, ಯು.ಪಿ.ಐ. ಮಾರಾಟ, ಉದರಿ, ಖರೀದಿ, ಖರ್ಚು, ಮನೆಗೆ ಒಯ್ದದ್ದು, ಕೊನೆಗೆ ಉಳಿದ ಶಿಲ್ಕು, ಇಷ್ಟೇ. ಗಲ್ಲೆಯಲ್ಲಿರುವ ಹಣವೂ ಪುಸ್ತಕದ ಶಿಲ್ಕೂ ಒಂದಾಗದಿದ್ದರೆ ಅಂದೇ ಕಾರಣವನ್ನು ಹುಡುಕಿರಿ. ನಾಳೆಗೆ ಅದು ಸಿಕ್ಕದು. ಮನೆಗೆ ಒಯ್ದ ಹಣವನ್ನು ಖರ್ಚಿನಲ್ಲಿ ಸೇರಿಸದೆ ಬೇರೆಯಾಗಿಯೇ ಬರೆಯಿರಿ. ಹೀಗೆ ಬರೆಯದೆ “ಲಾಭವೆಲ್ಲಿ ಹೋಯಿತೋ ತಿಳಿಯದು” ಎಂದು ಕೊರಗುವ ಅಂಗಡಿಗಳು ಎಷ್ಟಿಲ್ಲ!

ಮೂರನೆಯದಾಗಿ, ಖರೀದಿಗೆ ಬಿಲ್ಲಿಲ್ಲದೆ ಸರಕನ್ನು ಕೊಳ್ಳಬೇಡಿರಿ. “ಬಿಲ್ಲು ಬೇಡವಾದರೆ ಎರಡು ರೂಪಾಯಿ ಕಡಿಮೆ” ಎನ್ನುವ ಸಗಟು ವರ್ತಕನು ತನ್ನ ಗಂಟನ್ನು ನಿಮ್ಮ ಕೊರಳಿಗೆ ಕಟ್ಟುತ್ತಿದ್ದಾನೆ. ಪೂರ್ಣ ಪದ್ಧತಿಯಲ್ಲಿ ನೋಂದಣಿಯಾದವರಿಗೆ ಖರೀದಿಯ ಬಿಲ್ಲೇ ಹಣ. ಅದಿಲ್ಲದೆ ಮೊದಲೇ ತೆತ್ತ ತೆರಿಗೆಯನ್ನು ಕಳೆಯಲು ಬಾರದು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ, ಲಾಭವನ್ನು ಪುಸ್ತಕದಂತೆ ತೋರಿಸುವವರಿಗೆ ಆದಾಯ ತೆರಿಗೆಯಲ್ಲಿ ಆ ಖರ್ಚು ಖರ್ಚೆಂದು ನಡೆಯದೆಂಬುದೂ ನೆನಪಿರಲಿ. ನಾಲ್ಕನೆಯದಾಗಿ, ಪ್ರತಿ ತಿಂಗಳ ಕೊನೆಗೆ ಬ್ಯಾಂಕಿನ ಪಟ್ಟಿಯನ್ನೂ ಕೀರ್ದಿಯನ್ನೂ ತಾಳೆ ನೋಡಿ, ಏಪ್ರಿಲ್ ತಿಂಗಳಿಂದ ಅಂದಿನ ವರೆಗಿನ ಒಟ್ಟು ಮಾರಾಟವನ್ನು ಕೆಂಪು ಶಾಯಿಯಲ್ಲಿ ಬರೆದಿಡಿರಿ. ಮಿತಿಯು ಸಮೀಪಿಸುವುದು ನೋಟೀಸಿನಿಂದಲ್ಲ, ನಿಮ್ಮ ಪುಸ್ತಕದಿಂದಲೇ ನಿಮಗೆ ತಿಳಿಯಬೇಕು. ಐದನೆಯದಾಗಿ, ನೋಂದಣಿಯಾದವರು ಪುಸ್ತಕಗಳನ್ನೂ ಬಿಲ್ಲುಗಳನ್ನೂ ವಾರ್ಷಿಕ ವಿವರಣ ಪತ್ರದ ಗಡುವಿನಿಂದ 72 ತಿಂಗಳುಗಳ ವರೆಗೆ ಕಾಪಾಡತಕ್ಕದ್ದು. ಬಿಸಿಲಿಗೆ ಮಾಸುವ ಯಂತ್ರದ ರಸೀದಿಗಳ ಛಾಯಾಪ್ರತಿಯನ್ನು ತೆಗೆದಿಡುವುದು ಲೇಸು.

ಇಷ್ಟಾಗಿಯೂ ನೋಟೀಸು ಬಂದರೆ? ಹೆದರಬೇಕಾದುದಿಲ್ಲ, ಸುಮ್ಮನಿರುವುದೂ ಸಲ್ಲದು. ಮೊದಲು ಬರುವ ನೋಟೀಸು ಪ್ರಶ್ನೆಯೇ ಹೊರತು ತೀರ್ಪಲ್ಲ. ಅದರಲ್ಲಿ ಹೇಳಿದ ದಿನಗಳೊಳಗೆ ಲಿಖಿತ ಉತ್ತರವನ್ನು ಕೊಟ್ಟು, ಸ್ವೀಕೃತಿಯನ್ನು ಪಡೆಯಿರಿ. ನಿಮ್ಮ ವಿರುದ್ಧ ಆಜ್ಞೆಯಾಗುವ ಮುನ್ನ ನಿಮ್ಮ ಮಾತನ್ನು ಕೇಳಬೇಕಾದುದು ಅಧಿಕಾರಿಯ ಕರ್ತವ್ಯವಾಗಿದೆ. ವಿಚಾರಣೆಯನ್ನು ಬರಹದಲ್ಲಿಯೇ ಕೇಳಿರಿ. ಆಜ್ಞೆಯು ಅನ್ಯಾಯವೆನಿಸಿದರೆ ಮೂರು ತಿಂಗಳೊಳಗೆ, ವಿವಾದದ ತೆರಿಗೆಯ ಹತ್ತರಲ್ಲೊಂದು ಪಾಲನ್ನು ಕಟ್ಟಿ, ಮೇಲ್ಮನವಿಯನ್ನು ಸಲ್ಲಿಸಬಹುದು. ಮಧ್ಯವರ್ತಿಯ ಜೇಬಿಗೆ ಹೋಗುವ ಹಣದಿಂದ ಮೊಕದ್ದಮೆಯು ಮುಗಿಯುವುದಿಲ್ಲ.

ಸರಕಾರಕ್ಕೂ ನಾವು ಎರಡು ಮಾತುಗಳನ್ನು ಹೇಳಬೇಕಾಗಿದೆ. ಜಿ.ಎಸ್.ಟಿ. ಜಾರಿಗೆ ಬಂದುದು 2017ರ ಜುಲೈ 1ರಂದು. ಎಂಟು ವರ್ಷಗಳಾದ ಮೇಲೆ ನೋಟೀಸುಗಳು ಹೊರಟವು, “ಜಿ.ಎಸ್.ಟಿ. ತಿಳಿಯಿರಿ” ಎಂಬ ಪ್ರಚಾರವು ಅವುಗಳ ಹಿಂದೆ ಹೊರಟಿತು. ಪಾಠವು ಮೊದಲು, ಪರೀಕ್ಷೆಯು ಅನಂತರ ಎಂಬುದು ಗಾಂವಠೀ ಶಾಲೆಯ ಮಾಸ್ತರನಿಗೂ ತಿಳಿದ ನಿಯಮ. ತರಕಾರಿ ಮಾರುವವನೇ, ಬಟ್ಟೆ ಮಾರುವವನೇ ಎಂದು ಒಮ್ಮೆ ಅಂಗಡಿಗೆ ಹೋಗಿ ನೋಡದೆ ಯಂತ್ರದ ಅಂಕಿಯೊಂದನ್ನೇ ನೆಚ್ಚಿ 29 ಲಕ್ಷವನ್ನು ಕೇಳುವುದು ಆಡಳಿತವೆನಿಸದು. ಪ್ರತಿ ತಾಲೂಕಿನ ಸಂತೆಯ ದಿನ ಇಲಾಖೆಯ ಒಬ್ಬ ನೌಕರನು ಮೇಜು ಹಾಕಿಕೊಂಡು ಕುಳಿತು, ಕನ್ನಡದಲ್ಲಿ, ನಿಯಮಗಳನ್ನು ಹೇಳಿಕೊಡಲಿ. ನೋಟೀಸುಗಳೂ ವಿವರಣ ಪತ್ರಗಳೂ ಕನ್ನಡದಲ್ಲಿರಲಿ. ತನಗೆ ಬಂದ ನೋಟೀಸನ್ನು ಓದಿಸಿಕೊಳ್ಳಲು ಕೂಲಿ ಕೊಡಬೇಕಾದ ಪ್ರಜೆಯು ಸ್ವರಾಜ್ಯದ ಅರ್ಥವನ್ನು ಯಾರಲ್ಲಿ ಕೇಳಬೇಕು?

ದೀಪಾವಳಿಯ ಬಲಿಪಾಡ್ಯಮಿಯಂದು ನಮ್ಮ ವ್ಯಾಪಾರಸ್ಥರು ಹೊಸ ವಹಿಗಳಿಗೆ ಅರಿಷಿಣ ಕುಂಕುಮಗಳನ್ನಿಟ್ಟು ಪೂಜಿಸುತ್ತಾರೆ. ನಮ್ಮ ಹಿರಿಯರು ಕಾಗದವಿಲ್ಲದ ಕಾಲದಲ್ಲಿ ಬಟ್ಟೆಗೆ ಮಸಿಯನ್ನು ಬಳಿದ ಕಡತದ ಮೇಲೆ ಬಳಪದಿಂದ ಬರೆದು ಲೆಕ್ಕವನ್ನು ಇಟ್ಟವರು. ಅವರ ಮಕ್ಕಳು ಪೂಜೆಯ ಮರುದಿನದಿಂದ ವಹಿಯನ್ನು ತೆರೆಯದಿದ್ದರೆ ಆ ಪೂಜೆಗೆ ಫಲವೇನು? ಬರೆದಿಟ್ಟವನಿಗೆ ಅಧಿಕಾರಿಯ ಭಯವಿಲ್ಲ, ಬಡ್ಡಿ ಸಾಹುಕಾರನ ಹಂಗಿಲ್ಲ. ತನ್ನ ಅಂಗಡಿಯು ಏಳುತ್ತಿದೆಯೋ ಬೀಳುತ್ತಿದೆಯೋ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಹೊಸ ವರ್ಷದ ಮುಹೂರ್ತವನ್ನು ಕಾಯಬೇಡಿರಿ. ಇಂದು ಅಂಗಡಿ ಮುಚ್ಚುವ ಮುನ್ನ ಒಂದು ಪುಸ್ತಕವನ್ನು ತೆರೆದು, ಮೊದಲ ಸಾಲಿನಲ್ಲಿ ಇಂದಿನ ಶಿಲ್ಕನ್ನು ಬರೆಯಿರಿ.