ಆಸ್ತಿ ಮೌಲ್ಯಮಾಪಕರ ಮೇಲಿನ ಶಿಸ್ತುಕ್ರಮಗಳಿಗೆ ಲಿಖಿತ ಆದೇಶವನ್ನು ಕಡ್ಡಾಯಗೊಳಿಸಬೇಕೆಂದು ಕೋರುವ ಮನವಿ ಪತ್ರ

ಮಾನ್ಯ ಪ್ರಾದೇಶಿಕ ನಿರ್ದೇಶಕರು,
ಭಾರತೀಯ ರಿಸರ್ವ್ ಬ್ಯಾಂಕ್, ನೃಪತುಂಗ ರಸ್ತೆ, ಬೆಂಗಳೂರು
ಇವರ ಸನ್ನಿಧಿಗೆ,

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಲ್ಲಿಯೂ ಅದರ ಸುತ್ತಣ ಗ್ರಾಮಗಳಲ್ಲಿಯೂ ಆಸ್ತಿ ಮೌಲ್ಯಮಾಪನದ ವೃತ್ತಿಯನ್ನು ನಡೆಸುತ್ತಿರುವ, ಕೆಳಗೆ ರುಜು ಮಾಡಿದವರ ಬಿನ್ನಹ.

ಮಾನ್ಯರೇ,

ಮನೆ, ಅಂಗಡಿ, ನಿವೇಶನ, ಗೋದಾಮುಗಳ ಬೆಲೆಯನ್ನು ನಿರ್ಣಯಿಸಿ ಬ್ಯಾಂಕುಗಳಿಗೆ ವರದಿ ಒಪ್ಪಿಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ನಾವು, ನಮ್ಮೊಳಗಿನ ಒಬ್ಬರಿಗೆ ಒದಗಿದ ಅನ್ಯಾಯವನ್ನು ಮೊದಲು ಶಾಖೆಯಲ್ಲಿ ಬಾಯಿಮಾತಿನಿಂದಲೂ, ತರುವಾಯ ವಲಯ ಕಚೇರಿಯಲ್ಲಿ ಬರಹದಿಂದಲೂ, ಕಡೆಗೆ ಮಾಹಿತಿ ಹಕ್ಕಿನ ಅರ್ಜಿಯ ಮೂಲಕವೂ ನಿವೇದಿಸಿಕೊಂಡು, ಎಲ್ಲಿಯೂ ಒಂದು ಸಾಲಿನ ಸಮಂಜಸ ಉತ್ತರವನ್ನು ಕಾಣದೆ, ಈಗ ತಮ್ಮ ಬಾಗಿಲಿಗೆ ಬಂದಿದ್ದೇವೆ. ಸಂಬಂಧಪಟ್ಟ ಬ್ಯಾಂಕಿನ ಹೆಸರನ್ನು ಈ ಪತ್ರದ ಒಡಲಿನಲ್ಲಿ ಉದ್ದೇಶಪೂರ್ವಕವಾಗಿಯೇ ಬರೆದಿಲ್ಲ. ಲಗತ್ತುಗಳನ್ನು ನೋಡಿದವರಿಗೆ ಅದು ತಿಳಿಯುತ್ತದೆ. ಹೆಸರಿಸಿದೆವಾದರೆ ಉಳಿದ ಬ್ಯಾಂಕುಗಳು ಇದು ತಮ್ಮ ಮನೆಯ ಮಾತಲ್ಲವೆಂದು ನಿಶ್ಚಿಂತವಾದಾವೆಂಬ ಶಂಕೆ ನಮ್ಮದು.

ನಡೆದ ಸಂಗತಿ ಹೀಗಿದೆ. ಸೊಕ್ಕೆಯ ಗ್ರಾಮಠಾಣಾದೊಳಗಿನ, ಮುಂಭಾಗದಲ್ಲಿ ಮಳಿಗೆಯುಳ್ಳ ಒಂದು ಆರ್.ಸಿ.ಸಿ. ಮನೆಯನ್ನು, ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಸಾಲದ ಭದ್ರತೆಗಾಗಿ, ನಮ್ಮ ಸದಸ್ಯರು 2023ರ ಬೇಸಗೆಯಲ್ಲಿ ಪರಿಶೀಲಿಸಿ ವರದಿ ಕೊಟ್ಟರು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಮುಂಗಡಪತ್ರವು ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದ್ದಿತು. ತುಂಗಭದ್ರೆಯ ನೀರಿನಿಂದ 57 ಕೆರೆಗಳನ್ನು ತುಂಬಿಸುವ ಯೋಜನೆಯ ಮಾತೂ ತಾಲ್ಲೂಕಿನ ತುಂಬ ಹಬ್ಬಿದ್ದಿತು. ನೀರು ಬರುವುದೆಂಬ ಮಾತಿಗೇ ನೆಲದ ಬೆಲೆ ಏರುವ ಸೀಮೆ ನಮ್ಮದು. ಅದೇ ಸಂವತ್ಸರದ ಮುಂಗಾರು ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿ, ಅನಂತರ ಆ ಸಂಖ್ಯೆಯನ್ನು 223ಕ್ಕೆ ಏರಿಸಿತು. ಕೊಳವೆಬಾವಿಗಳು ಬತ್ತಿದ ಊರಿನಲ್ಲಿ ಅಂಗಡಿ ಮಳಿಗೆಯನ್ನು ಕೊಳ್ಳುವವರಾರು? ವ್ಯಾಪಾರಿಯ ಖಾತೆ ಅನುತ್ಪಾದಕವಾಯಿತು, 2002ರ ಸರ್ಫೇಸಿ ಕಾಯಿದೆಯ 13(2)ನೆಯ ಪ್ರಕರಣದಂತೆ ನೋಟೀಸು ಹೊರಟಿತು, ಸ್ವಾಧೀನವಾಯಿತು, ಹರಾಜಿಗೆ ಬಿಡ್ಡುದಾರರು ಬರಲಿಲ್ಲ, ಮೀಸಲು ಬೆಲೆಯನ್ನು ಇಳಿಸಿ ಮತ್ತೆ ಹರಾಜು ಕೂಗಬೇಕಾಯಿತು.

ಇಷ್ಟರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆಶ್ಚರ್ಯವು ಆರಂಭವಾಗುವುದು ಇಲ್ಲಿಂದ ಮುಂದೆ. ಹಿಂದಿನ ಕೆಲಸಗಳ ಶುಲ್ಕವನ್ನು ವಿಚಾರಿಸಲು ಶಾಖೆಗೆ ಹೋದ ನಮ್ಮ ಸದಸ್ಯರಿಗೆ, ಕೌಂಟರಿನ ಆಚೆಯಿಂದ, "ನಿಮ್ಮ ಹೆಸರು ಈಗ ಪ್ಯಾನೆಲ್ಲಿನಲ್ಲಿಲ್ಲ ಸಾರ್, ಮೇಲಿನಿಂದ ಬಂದಿದೆ" ಎಂಬ ಉತ್ತರ ದೊರೆಯಿತು. ಮೇಲಿನಿಂದ ಏನು ಬಂದಿದೆ, ಯಾರಿಂದ ಬಂದಿದೆ, ಯಾವ ಕಾರಣದಿಂದ ಬಂದಿದೆ ಎಂಬುದಕ್ಕೆ ಕಾಗದವಿಲ್ಲ. ಕೆಲವೇ ವಾರಗಳಲ್ಲಿ ಬೇರೊಂದು ಬ್ಯಾಂಕಿನ ಶಾಖೆಯೂ ಅವರ ವರದಿಯನ್ನು ಸ್ವೀಕರಿಸದೆ ಹಿಂದಿರುಗಿಸಿತು. ಅವರು ಕಾರಣವನ್ನು ಕೇಳಿ ಬರೆದ ಪತ್ರ, ಅದರ ಅಂಚೆ ಸ್ವೀಕೃತಿ, ಜ್ಞಾಪನಾಪತ್ರ, ಮಾಹಿತಿ ಹಕ್ಕು ಕಾಯಿದೆಯ 8(1)(ಡಿ) ಪ್ರಕರಣವನ್ನು ಮುಂದೊಡ್ಡಿ ಬಂದ ನಿರಾಕರಣೆ, ಪ್ರಥಮ ಮೇಲ್ಮನವಿಯ ತಿರಸ್ಕಾರ, ಹಿಂದಿರುಗಿಸಲ್ಪಟ್ಟ ವರದಿಯ ಮುಖಪುಟ — ಇವೆಲ್ಲವನ್ನೂ ಕ್ರಮವಾಗಿ ಲಗತ್ತು 1ರಿಂದ 6ರವರೆಗೆ ಒಪ್ಪಿಸಿದ್ದೇವೆ. ಒಬ್ಬ ಮನುಷ್ಯನನ್ನು ಅವನ ವೃತ್ತಿಯಿಂದ ಏಕೆ ಹೊರಗಿಟ್ಟಿರೆಂಬ ಪ್ರಶ್ನೆಗೆ ಉತ್ತರವು, ಅವನಿಗೇ ತಿಳಿಸಬಾರದ ವಾಣಿಜ್ಯ ರಹಸ್ಯವಾದದ್ದು ಹೇಗೆಂಬುದು ನಮ್ಮ ಅಲ್ಪಬುದ್ಧಿಗೆ ನಿಲುಕಲಿಲ್ಲ.

ವರದಿಯ ಗುಣದೋಷಗಳ ವಿಷಯದಲ್ಲಿಯೂ ಎರಡು ಮಾತು ಅವಶ್ಯ. ಮೌಲ್ಯವೆಂಬುದು ಒಂದು ದಿನಾಂಕಕ್ಕೆ ಕಟ್ಟುಬಿದ್ದ ಅಭಿಪ್ರಾಯ. ಬ್ಯಾಂಕು ತಾನೇ ಅಚ್ಚು ಮಾಡಿಸಿಕೊಟ್ಟ ನಮೂನೆಯಲ್ಲಿ ಮಾರುಕಟ್ಟೆ ಮೌಲ್ಯ, ರಿಯಲೈಸಬಲ್ ಮೌಲ್ಯ, ಡಿಸ್ಟ್ರೆಸ್ ಮೌಲ್ಯ ಎಂದು ಮೂರು ಅಂಕಣಗಳಿವೆ. ನಮ್ಮ ಸದಸ್ಯರು ಮೂರನ್ನೂ ತುಂಬಿದ್ದಾರೆ. ಬರಗಾಲದ ನಡುವೆ, ಋಣಗ್ರಸ್ತನ ಮನೆಯೆಂದು ಊರಿಗೆಲ್ಲ ತಿಳಿದ ಮೇಲೆ ನಡೆದ ಹರಾಜಿನ ಬೆಲೆಯನ್ನು, ಸುಭಿಕ್ಷದ ನಿರೀಕ್ಷೆಯಿದ್ದ ದಿನದ ಮೊದಲ ಅಂಕಣದೊಡನೆ ಹೋಲಿಸಿ ಅಂತರವನ್ನು ಅಪರಾಧವೆನ್ನುವುದಾದರೆ, ಮೂರನೆಯ ಅಂಕಣವನ್ನು ಅಚ್ಚು ಮಾಡಿಸಿದ್ದೇತಕ್ಕೆ? ಉಪನೋಂದಣಾಧಿಕಾರಿಯವರ ಮಾರ್ಗಸೂಚಿ ಬೆಲೆಗೂ ವರದಿಗೂ ವ್ಯತ್ಯಾಸವಿದೆಯೆಂಬ ಮಾತೂ ನಮ್ಮ ಕಿವಿಗೆ ಬಿದ್ದಿದೆ. ಮಾರ್ಗಸೂಚಿ ಬೆಲೆಯು ಮುದ್ರಾಂಕ ಶುಲ್ಕದ ಉದ್ದೇಶಕ್ಕೆ ಗೊತ್ತುಪಡಿಸುವಂಥದು; ಅಂತಹ ದಾಖಲೆಯೊಂದೇ ಮಾರುಕಟ್ಟೆ ಬೆಲೆಗೆ ಪ್ರಮಾಣವಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು 1994ರ ಜಾವಾಜಿ ನಾಗನಾಥಂ ಪ್ರಕರಣದಲ್ಲಿಯೇ ಹೇಳಿದೆ. ನಮ್ಮ ಗ್ರಾಮಠಾಣಾಗಳಲ್ಲಿ ಕ್ರಯಪತ್ರಗಳಾಗುವುದೇ ವಿರಳ, ಆದವುಗಳಲ್ಲಿಯೂ ಕೊಟ್ಟ ಹಣವೆಲ್ಲ ಕಾಗದದ ಮೇಲೆ ಬಾರದೆಂಬುದು ಲೋಕವಿದಿತ. ಆ ಕಾರಣ ಗ್ರಾಮ ಪಂಚಾಯತಿಯ ನಮೂನೆ 9 ಮತ್ತು 11ನ್ನು, ಚೆಕ್ಕುಬಂದಿಯನ್ನು, ನೆರೆಯ ನಿವೇಶನಗಳ ಕೈಬದಲಾವಣೆಯನ್ನು ವಿಚಾರಿಸಿ, ಊರಿನ ನಾಲ್ಕು ಹಿರಿಯರನ್ನು ಕೇಳಿ ಬೆಲೆ ನಿರ್ಣಯಿಸಬೇಕಾಗುತ್ತದೆ. ಅವರು ಹಾಗೆಯೇ ಮಾಡಿದರೆಂಬುದಕ್ಕೆ ಸ್ಥಳ ಪರಿಶೀಲನೆಯ ಟಿಪ್ಪಣಿ, ಛಾಯಾಚಿತ್ರಗಳು ಮತ್ತು ಶಾಖೆಯ ಅಧಿಕಾರಿ ಸ್ವತಃ ಜೊತೆಯಲ್ಲಿದ್ದು ಮಾಡಿದ ರುಜು ಲಗತ್ತು 7ರಿಂದ 9ರಲ್ಲಿವೆ. ಆ ಅಧಿಕಾರಿಗೆ ಬಡ್ತಿಯಾಗಿರುವುದು ನಮಗೆ ಸಂತೋಷದ ವಿಷಯ.

ನಿಯಮಗಳನ್ನು ತಮಗೆ ವಿವರಿಸುವುದು ಅಧಿಕಪ್ರಸಂಗವಾದೀತು. ಆದರೂ ಜ್ಞಾಪಿಸುತ್ತೇವೆ. ತಮ್ಮದೇ 2016ರ ವಂಚನಾ ನಿರ್ದೇಶನಗಳು, ಮೌಲ್ಯಮಾಪಕರೇ ಮೊದಲಾದವರ ಹೆಸರನ್ನು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನಿನ ಎಚ್ಚರಿಕೆ ಪಟ್ಟಿಗೆ ಕಳುಹಿಸುವ ಮುನ್ನ ಅವರ ಪಾತ್ರದ ವಿಷಯದಲ್ಲಿ ಬ್ಯಾಂಕು ಮನದಟ್ಟು ಮಾಡಿಕೊಳ್ಳಬೇಕು, ಅಹವಾಲಿಗೆ ಅವಕಾಶವೀಯಬೇಕು, ಆ ಕ್ರಮವನ್ನು ದಾಖಲಿಸಬೇಕು ಎಂದು ವಿಧಿಸಿದ್ದುವು. 2024ರ ಜುಲೈ 15ರ ಪರಿಷ್ಕೃತ ನಿರ್ದೇಶನಗಳು, ಸಾಲಗಾರನ ಖಾತೆಯನ್ನು ವಂಚನೆಯೆನ್ನುವ ಮೊದಲು ಕನಿಷ್ಠ 21 ದಿನಗಳ ಗಡುವುಳ್ಳ ನೋಟೀಸನ್ನೂ ಸಕಾರಣ ಆದೇಶವನ್ನೂ ಕಡ್ಡಾಯ ಮಾಡಿದುವು. ಹಣವನ್ನು ಪಡೆದು ಹಿಂದಿರುಗಿಸದವನಿಗೆ ಇಷ್ಟು ರಕ್ಷಣೆಯಿದ್ದು, ಅಳತೆ ಪಟ್ಟಿ ಹಿಡಿದು ಮನೆ ಅಳೆದವನಿಗೆ ಒಂದು ಚೀಟಿಯೂ ಇಲ್ಲದಿರುವುದು ಯಾವ ನೀತಿ? ಸಂಪತ್ತು ತೆರಿಗೆ ರದ್ದಾಗಿ ಹತ್ತು ವರ್ಷಗಳ ಮೇಲಾದರೂ, 1957ರ ಆ ಕಾಯಿದೆಯ 34ಎಬಿ ಪ್ರಕರಣದ ನೋಂದಣಿಯನ್ನೇ ಬ್ಯಾಂಕುಗಳು ನಮ್ಮಿಂದ ಕೇಳುತ್ತ ಬಂದಿವೆ. ಅದೇ ಕಾಯಿದೆಯ 34ಎಡಿ ಪ್ರಕರಣವನ್ನು ಮಾತ್ರ ಯಾರೂ ಓದಿದಂತಿಲ್ಲ. ಹೆಸರನ್ನು ತೆಗೆಯುವ ಮುನ್ನ ಅಹವಾಲಿಗೆ ಯುಕ್ತ ಅವಕಾಶ ಕೊಡಬೇಕೆಂದು ಅಲ್ಲಿ ಬರೆದಿದೆ. ಕಂಪನಿ ಕಾಯಿದೆಯ 247ನೆಯ ಪ್ರಕರಣದಡಿಯ 2017ರ ನಿಯಮಾವಳಿಯ 17ನೆಯ ನಿಯಮವು ಆರೋಪ, ಸಾಕ್ಷ್ಯ, ಉದ್ದೇಶಿತ ಕ್ರಮಗಳನ್ನು ನಮೂದಿಸಿದ ನೋಟೀಸನ್ನೂ, ಸಕಾರಣ ಆದೇಶವನ್ನೂ, ಆದೇಶ ಜಾರಿಗೆ ಬರುವ ಮುನ್ನ ಸಾಮಾನ್ಯವಾಗಿ 30 ದಿನಗಳ ಬಿಡುವನ್ನೂ, ಮೇಲ್ಮನವಿಯನ್ನೂ ಒದಗಿಸಿದೆ. ಬ್ಯಾಂಕ್ ಸಾಲದ ಮೌಲ್ಯಮಾಪನಕ್ಕೆ ಆ ನಿಯಮಾವಳಿ ನೇರವಾಗಿ ಅನ್ವಯಿಸದೆಂಬ ವಾದವನ್ನು ಬಲ್ಲೆವು. ಆದರೆ ನಮ್ಮ ಸದಸ್ಯರು ಅದರಡಿಯಲ್ಲಿಯೂ ನೋಂದಾಯಿತರು. ದುರ್ನಡತೆಯ ಸಂಶಯವಿದ್ದಿದ್ದರೆ 16ನೆಯ ನಿಯಮದಂತೆ 1,000 ರೂಪಾಯಿ ಶುಲ್ಕ ಕಟ್ಟಿ ದೂರು ಕೊಡಲು ಬ್ಯಾಂಕಿಗೆ ಯಾರೂ ಅಡ್ಡಬಂದಿರಲಿಲ್ಲ. ಅಷ್ಟು ಹಣ ಅದರ ಬಳಿ ಇದ್ದೀತೆಂದು ನಂಬಿದ್ದೇವೆ.

ನ್ಯಾಯಾಲಯಕ್ಕೆ ಹೋಗಿ ಎಂದು ವಲಯ ಕಚೇರಿಯ ಮಹನೀಯರೊಬ್ಬರು ಸಲಹೆಯಿತ್ತರು. ಇಲ್ಲಿಯೇ ನಮ್ಮ ಸಂಕಟದ ಮೂಲವಿರುವುದು. ಸಂವಿಧಾನದ 226ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯವು ನಾವು ಕಟ್ಟಿದ ಬೆಲೆ ಸರಿಯೇ ತಪ್ಪೇ ಎಂದು ತೂಗಿ ನೋಡುವುದಿಲ್ಲ. ನಿರ್ಣಯವನ್ನು ಕೈಗೊಂಡ ಕ್ರಮ ನ್ಯಾಯಸಮ್ಮತವೇ ಎಂಬುದನ್ನಷ್ಟೇ ಸಾಮಾನ್ಯವಾಗಿ ಪರಿಶೀಲಿಸುತ್ತದೆ. ಆ ಪರಿಮಿತ ಪರಿಶೀಲನೆಯೇ ನಮಗೆ ಸಾಕು. 1974ರ ಎರೂಸಿಯನ್ ಇಕ್ವಿಪ್‌ಮೆಂಟ್ ತೀರ್ಪಿನಿಂದ ಮೊದಲ್ಗೊಂಡು, 2014ರ ಗೂರ್ಖಾ ಸೆಕ್ಯುರಿಟಿ, 2020ರ ಯು.ಎಂ.ಸಿ. ಟೆಕ್ನಾಲಜೀಸ್ ತೀರ್ಪುಗಳವರೆಗೆ, ಕಪ್ಪುಪಟ್ಟಿಗೆ ಸೇರಿಸುವ ಮುನ್ನ ನೋಟೀಸು ಬೇಕು, ಉದ್ದೇಶಿತ ಶಿಕ್ಷೆ ಅದರಿಂದ ಸ್ಪಷ್ಟವಾಗಿ ತಿಳಿಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಸಾರುತ್ತ ಬಂದಿದೆ. 2023ರ ಮಾರ್ಚ್ 27ರ ರಾಜೇಶ್ ಅಗರ್ವಾಲ್ ತೀರ್ಪು ತಮ್ಮ ನಿರ್ದೇಶನಗಳಲ್ಲಿಯೇ ಅಹವಾಲಿನ ಹಕ್ಕನ್ನು ಓದಿಕೊಳ್ಳಬೇಕೆಂದಿತು. ಬ್ಯಾಂಕಿಗೆ ಅಭಿಪ್ರಾಯ ಕೊಟ್ಟ ವಕೀಲರ ಕುರಿತಾದ 2012ರ ಕೆ. ನಾರಾಯಣರಾವ್ ಪ್ರಕರಣದಲ್ಲಿ, ಅಭಿಪ್ರಾಯವು ತಪ್ಪಾದ ಮಾತ್ರಕ್ಕೆ, ಸಂಚಿನಲ್ಲಿ ಭಾಗಿಯಾದದ್ದಕ್ಕೆ ಆಧಾರವಿಲ್ಲದೆ, ವೃತ್ತಿಪರನನ್ನು ಅಪರಾಧಿಯಾಗಿಸಲಾಗದೆಂಬ ವಿವೇಕವೂ ಇದೆ. ಇಷ್ಟೆಲ್ಲ ಇದ್ದರೂ ರಿಟ್ ಅರ್ಜಿಯೊಡನೆ ಪ್ರಶ್ನಿತ ಆದೇಶದ ಪ್ರತಿಯನ್ನು ಲಗತ್ತಿಸಬೇಕಲ್ಲವೇ! ಆದೇಶವೇ ಇಲ್ಲದ ಮೇಲೆ, ಸೊಕ್ಕೆಯಿಂದ ಬೆಂಗಳೂರಿನವರೆಗೆ ಹೋಗಿ ಯಾವುದನ್ನು ರದ್ದುಗೊಳಿಸಿರೆಂದು ಬೇಡುವುದು? ಬಾಯಿಮಾತಿನಿಂದ ಕೊಟ್ಟ ಶಿಕ್ಷೆಯನ್ನು ಬಾಯಿಮಾತಿನಿಂದಲೇ ಅಲ್ಲಗಳೆಯಬಹುದು. ಇದನ್ನು ಆ ಕಚೇರಿಯವರು ಅರಿತೇ ಕಾಗದ ಬರೆಯದಿರುವರೆಂದು ನಾವು ಆಪಾದಿಸುವುದಿಲ್ಲ, ಆದರೆ ಪರಿಣಾಮ ಮಾತ್ರ ಅದೇ. ತಮ್ಮ ಸಮಗ್ರ ಓಂಬುಡ್ಸ್‌ಮನ್ ಯೋಜನೆಯೂ, ಬ್ಯಾಂಕಿಗೂ ಅದಕ್ಕೆ ಹೊರಗಿನಿಂದ ಸೇವೆ ಒದಗಿಸುವವರಿಗೂ ನಡುವಣ ಗುತ್ತಿಗೆಯ ವಿವಾದಗಳನ್ನು ಹೊರಗಿಟ್ಟಿರುವುದರಿಂದ ಆ ದಾರಿಯೂ ಮುಚ್ಚಿದೆ. ಅಮೆರಿಕದಲ್ಲಿ 1989ರ ಕಾಯಿದೆಯ ತರುವಾಯ ಮೌಲ್ಯಮಾಪಕರ ಪರವಾನಗಿ ಮತ್ತು ಶಿಸ್ತಿನ ವಿಚಾರಣೆ ಆಯಾ ರಾಜ್ಯದ ಮಂಡಳಿಗಳ ಕೈಯಲ್ಲಿದ್ದು, ಅವುಗಳ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾಗಿದೆ. ಅಲ್ಲಿನಷ್ಟು ನಾವು ಬೇಡುತ್ತಿಲ್ಲ.

ಶಿಸ್ತೇ ಬೇಡವೆನ್ನುವವರು ನಾವಲ್ಲ. ಸ್ಥಳಕ್ಕೆ ಹೋಗದೆ ವರದಿ ಬರೆಯುವವರೂ, ಸಾಲಗಾರನ ಕಾರಿನಲ್ಲಿ ಕುಳಿತು ಬೆಲೆ ಕೂಡಿಸುವವರೂ ಈ ವೃತ್ತಿಯಲ್ಲಿರುವರು. ಅಂಥವರನ್ನು ತೆಗೆದುಹಾಕಿದರೆ ನಮಗೇ ಗೌರವ.

ಆದಕಾರಣ ತಾವು ಎಲ್ಲ ಬ್ಯಾಂಕುಗಳಿಗೂ ಸುತ್ತೋಲೆ ಹೊರಡಿಸಿ, ಮೌಲ್ಯಮಾಪಕನ ಹೆಸರನ್ನು ಪ್ಯಾನೆಲ್ಲಿನಿಂದ ತೆಗೆಯುವುದಕ್ಕೆ, ಅದನ್ನು ಶಿಕ್ಷೆಯೆಂದು ಕರೆಯಲಿ ಕರೆಯದಿರಲಿ, 21 ದಿನಗಳ ನೋಟೀಸನ್ನೂ, ವರದಿಯ ದಿನಾಂಕದಂದು ಬೆಲೆ ಹೇಗೆ ತಪ್ಪಾಗಿತ್ತೆಂಬುದನ್ನು ಹೋಲಿಕೆಯ ವ್ಯವಹಾರಗಳೊಡನೆ ತೋರಿಸುವ ಸಹಿಯುಳ್ಳ ಆದೇಶವನ್ನೂ, ಬೇರೊಂದು ವಲಯದ ಅಧಿಕಾರಿಯಲ್ಲಿ ಮೇಲ್ಮನವಿಯನ್ನೂ, ಅದು ತೀರುವವರೆಗೆ ಇತರ ಬ್ಯಾಂಕುಗಳಿಗೆ ವಾರ್ತೆ ಹಬ್ಬಿಸದಿರುವುದನ್ನೂ ವಿಧಿಸಬೇಕು. ಮತ್ತು ನಮ್ಮ ಸದಸ್ಯರ ವಿಷಯದಲ್ಲಿ ಆ ಬ್ಯಾಂಕು ಒಂದೋ ಲಿಖಿತ ಆದೇಶವನ್ನು ಕೊಡಬೇಕು, ಇಲ್ಲವೇ ಅವರ ಹೆಸರನ್ನು ಪಟ್ಟಿಗೆ ಮರಳಿಸಬೇಕು.

ಪ್ರಸಂಗವಶಾತ್ ಇನ್ನು ಕೆಲವು. ವರದಿಯ ಶುಲ್ಕವು ತಿಂಗಳುಗಟ್ಟಲೆ ಬಾಕಿಯುಳಿಯುತ್ತದೆ. ಪೆಟ್ರೋಲ್ ಬಂಕಿನವರು ಅಷ್ಟು ತಾಳ್ಮೆಯುಳ್ಳವರಲ್ಲ. ಶಾಖೆಯಲ್ಲಿ ಕಾಯುವಾಗ ಕುಳಿತುಕೊಳ್ಳಲು ಆಸನವಿದ್ದರೆ ಲೇಸು. ಕನ್ನಡದ ದಾಖಲೆಗಳನ್ನಾಧರಿಸಿದ ವರದಿಯನ್ನು ಕನ್ನಡದಲ್ಲಿ ಬರೆಯಲು ಅನುಮತಿ ಬೇಕು. ಅಲ್ಲದೆ, ಸ್ಥಳೀಯ ಅನುಭವವು ಅಮೂಲ್ಯವಾದ್ದರಿಂದ ಜಗಳೂರು ತಾಲ್ಲೂಕಿನ ಆಸ್ತಿಗಳನ್ನು ದಾವಣಗೆರೆಯ ಸಂಸ್ಥೆಗಳಿಗೆ ಒಪ್ಪಿಸದೆ ತಾಲ್ಲೂಕಿನಲ್ಲಿಯೇ ವಾಸವಾಗಿರುವವರಿಗೆ ಕೊಡುವುದೂ, ವಯೋಮಿತಿಯ ನೆಪದಿಂದ ಹಿರಿಯರನ್ನು ಬಿಡದಿರುವುದೂ (ರುಜು ಮಾಡಿದವರಲ್ಲಿ ಇಬ್ಬರಿಗೆ ಇದು ಈ ವರ್ಷವೇ ಒದಗಲಿದೆ), ಮೌಲ್ಯಮಾಪನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹಿರಿಯ ಸದಸ್ಯರ ಕೈಕೆಳಗೆ ತರಬೇತಾದ ಕಿರಿಯರನ್ನು, ಅವರು ಸದಸ್ಯರ ಮಕ್ಕಳೇ ಆಗಿದ್ದರೂ, ಪ್ಯಾನೆಲ್ಲಿಗೆ ಪರಿಗಣಿಸುವುದೂ ಉಚಿತವೆಂದು ತೋರುತ್ತದೆ.

ಈ ಮನವಿಗೆ ತಾವು ಲಿಖಿತರೂಪದಲ್ಲಿಯೇ ಉತ್ತರವನ್ನು ದಯಪಾಲಿಸಬೇಕು. ಅದು ನಿರಾಕರಣೆಯಾಗಿದ್ದರೂ ಸರಿಯೆ, ಅದರ ಪ್ರತಿಯನ್ನಾದರೂ ನ್ಯಾಯಾಲಯದ ಮುಂದಿಡಬಲ್ಲೆವು.

ಇಂತಿ ತಮ್ಮ ವಿಧೇಯರು,
ಸೊಕ್ಕೆ ಹೋಬಳಿಯ ಆಸ್ತಿ ಮೌಲ್ಯಮಾಪಕರು
(ರುಜುಗಳು ಪ್ರತ್ಯೇಕ ಪುಟದಲ್ಲಿ, ಲಗತ್ತುಗಳು 1ರಿಂದ 9)
ಸ್ಥಳ: ಸೊಕ್ಕೆ