ಪಾಡಿ ಮನೆ ದಾನವಲ್ಲ



“ಮನೆ ಪುಕ್ಕಟೆ ಕೊಟ್ಟಿದ್ದೇವೆ, ಹೆಂಚು ಒಡೆದರೆ ನೀವೇ ಹಾಕಿಸಿಕೊಳ್ಳಿ.” ವಯನಾಡು, ನೀಲಗಿರಿಯ ತೋಟಗಳಲ್ಲಿ ಸೂರು ಸೋರುತ್ತದೆಂದು ಹೇಳಲು ಹೋದವರು ಕೇಳುವ ಮಾತಿದು. ಪುಕ್ಕಟೆಯೇ? ದಿನವಿಡೀ ಟೀ ಎಲೆ ಕಿತ್ತು ತೂಗಿಸುವವರು ಯಾರು? ಆ ಮನೆ ನಮ್ಮ ದುಡಿಮೆಯ ಪಾಲು.

ಮನೆ ಕೊಟ್ಟು ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತು. ಮನೆ ಕುಸಿದು ಸಾವುನೋವಾದರೆ ಪರಿಹಾರ ಕೊಡಬೇಕೆಂದು 1981ರಲ್ಲಿ ತಿದ್ದುಪಡಿಯಾಯಿತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆಗಳು ಬಂದವು. ಮನೆಯ ಹೊಣೆಯೂ ಪರಿಹಾರದ ಹೊಣೆಯೂ ಅವುಗಳಲ್ಲಿ ಉಳಿದಿವೆ.

ಆದರೆ ನುಸುಳಲು ಒಂದು ಕಂಡಿ ಇದೆ. ಕುಸಿತಕ್ಕೆ ವಾಸವಿದ್ದವರ ತಪ್ಪೇ ಕಾರಣವಾದರೆ, ಇಲ್ಲವೇ ಪ್ರಕೃತಿ ವಿಕೋಪವಾದರೆ, ಪರಿಹಾರವಿಲ್ಲ. ಗೋಡೆ ಬಿದ್ದ ಮರುದಿನ ಮ್ಯಾನೇಜರು ಏನೆನ್ನುತ್ತಾರೆ? “ಮಳೆ ಜೋರಾಗಿತ್ತು!” ಆದ್ದರಿಂದ ಬಾಯಿಮಾತು ಸಾಲದು. ಬಿರುಕು ಕಂಡ ದಿನವೇ ತಾರೀಕು ಹಾಕಿ ಅರ್ಜಿ ಬರೆಯಿರಿ. ನಕಲಿಗೆ ಆಫೀಸಿನ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಬರೆಯಲು ಬಾರದವರಿಗೆ ಪಕ್ಕದ ಮನೆಯ ಓದಿದ ಮಕ್ಕಳು ಬರೆದುಕೊಡಲಿ.

ದಾನ ಬೇಡುವವರು ತಲೆ ತಗ್ಗಿಸಬಹುದು. ಬಾಕಿ ಕೇಳುವವರು ಏಕೆ ತಗ್ಗಿಸಬೇಕು?