ಪರದೆ ಬಿದ್ದ ಮೇಲಿನ ಮಾತು

ನಾಟಕ ಮುಗಿದದ್ದೇ ತಡ, ಅತಿಥಿಗಳು ವೇದಿಕೆಯೇರಿ ಶಾಲು ಹೊದಿಸಿ ‘ಅದ್ಭುತ’ ಎನ್ನುತ್ತಾರೆ. ಬೆಳಕಿನವರು ಸ್ಪಾಟ್‌ಲೈಟ್ ಬಿಚ್ಚುವಷ್ಟರಲ್ಲಿ ಕಾವಲುಗಾರ ಬೀಗ ಹಿಡಿದು ನಿಂತಿರುತ್ತಾನೆ. ನಾಟಕದ ಬಗ್ಗೆ ಮಾತಾಡುವುದು ಯಾವಾಗ? ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ಕಂಡ ನಾಟಕವನ್ನು ಮರುದಿನ ಕೂತು ಚರ್ಚಿಸುವ ರೂಢಿಯಿದೆ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂನದೇ ಸಂಚಾರಿ ತಂಡ ‘ತಿರುಗಾಟ’ದ ಪ್ರಯೋಗಗಳೂ ಅಲ್ಲಿ ಕಟು ಪ್ರಶ್ನೆಗಳಿಂದ ಪಾರಾಗುವುದಿಲ್ಲ. ಬೇರೆಡೆ ಚರ್ಚೆಯೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಪರಸ್ಪರ ಬೆನ್ನು ತಟ್ಟಿಕೊಳ್ಳುವುದು. ಪತ್ರಿಕೆಗಳಲ್ಲೂ ರಂಗವಿಮರ್ಶೆಗೆ ಉಳಿದಿರುವುದು ಮೂಲೆಯ ಜಾಗವೇ. ಹೊಸಬರು ದೇಹಭಾಷೆ, ವಿಡಿಯೊ, ಆತ್ಮಕಥನ ಬೆಸೆದು ಕಟ್ಟುತ್ತಿರುವ ರಂಗಕೃತಿಗಳಿಗೆ ಚಪ್ಪಾಳೆಗಿಂತ ತಕರಾರೇ ಹೆಚ್ಚು ಬೇಕು. ಈ ಚರ್ಚೆಗೆಂದೇ ಜಿಲ್ಲಾ ರಂಗಮಂದಿರಗಳು ಬಾಡಿಗೆ ಅವಧಿಗೆ ಒಂದು ತಾಸು ಉಚಿತವಾಗಿ ಸೇರಿಸಲಿ. ಸನ್ಮಾನ ಬಿಟ್ಟರೂ ನಡೆದೀತು. ತಂಡದವರು ಬಣ್ಣ ಅಳಿಸಿಕೊಂಡು ಬಂದು ಪ್ರೇಕ್ಷಕರೆದುರು ಕೂರಲಿ.